ಯುದ್ಧ ಕಾಣದ ಬೆಂಗಳೂರಿನ ಗ್ಲೈಡರ್: ಜಿ-1

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ವಂತವಾಗಿ ವಿನ್ಯಾಸ ಮಾಡಿದ, ಹತ್ತು ಜನ ಕೂರುವ ಗ್ಲೈಡರ್ ಜಿ-1.

ಸೈನಿಕ ಗ್ಲೈಡರಿಗೆ ಎಂಜಿನ್ ಇರಲಿಲ್ಲ. ವಿಮಾನವೊಂದು ಹಗ್ಗ ಕಟ್ಟಿ ಎಳೆದೊಯ್ದು ಆಕಾಶದಲ್ಲಿ ಬಿಟ್ಟರೆ, ಸದ್ದಿಲ್ಲದೆ ತೇಲಿ ಶತ್ರುವಿನ ನೆಲದಲ್ಲಿ ಇಳಿಯುತ್ತಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ನರು ಬೆಲ್ಜಿಯಂನ ಎಬೆನ್-ಎಮೆಲ್ ಕೋಟೆ ಹಿಡಿದದ್ದು ಹೀಗೆಯೇ.

ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದೊಂದಿಗೆ ಕಟ್ಟಿದ ಈ ಕಾರ್ಖಾನೆ ಆಗಿನ್ನೂ ಎಳೆಯದು. ಜಿ-1ರ ವಿನ್ಯಾಸ ಮಾಡಿದವರು ವಿ.ಎಂ. ಘಾಟಗೆ, ಜರ್ಮನಿಯ ಗಟಿಂಗೆನ್‌ನಲ್ಲಿ ವಾಯುಬಲ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರು. ಅಮೆರಿಕದ ಹಾರ್ಲೋ, ಕರ್ಟಿಸ್ ಹಾಕ್ ವಿಮಾನಗಳನ್ನು ಜೋಡಿಸುತ್ತಿದ್ದ ಜಾಗದಲ್ಲಿ ಸ್ವಂತ ನಕ್ಷೆ ಬರೆದದ್ದು ನಿಜಕ್ಕೂ ದೊಡ್ಡ ಹೆಜ್ಜೆ.

ತಯಾರಾದದ್ದು ಮಾತ್ರ ಒಂದೇ ಗ್ಲೈಡರ್. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನೆಯ ಕೈಗೆ ಹೋಗಿ, ಕೆಲಸವೆಲ್ಲ ವಿಮಾನಗಳ ದುರಸ್ತಿಯತ್ತ ತಿರುಗಿತು. 1944ರ ಮಾರ್ಚ್‌ನಲ್ಲಿ ಬರ್ಮಾದ ಕಾಡಿಗೆ ಬ್ರಿಟಿಷರ ಚಿಂಡಿತ್ ಪಡೆಯ ಸೈನಿಕರನ್ನು ಒಯ್ದದ್ದು ಜಿ-1 ಅಲ್ಲ, ಅಮೆರಿಕದ ವಾಕೋ ಗ್ಲೈಡರುಗಳು.

ಘಾಟಗೆಯವರ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಅದು ಸಾಲುಸಾಲಾಗಿ ತಯಾರಾಯಿತು.