ರಣಹದ್ದುಗಳ ಉಪಕಾರವೂ ಅದರ ಬೆಲೆಯೂ

ಹೊಲ, ಗದ್ದೆ, ದನಕರು, ದವಸಧಾನ್ಯ ಇವುಗಳಿಗೆ ಸಂತೆಯಲ್ಲಿ ಬೆಲೆಯುಂಟು. ಆದರೆ ಯಾರೂ ಕ್ರಯಕ್ಕೆ ಕೊಳ್ಳದ ಪ್ರಕೃತಿಯ ವಸ್ತುಗಳಿಂದ ಜನರಿಗೆ ದೊರೆಯುವ ಉಪಕಾರವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮಾ ಆಗುವುದಿಲ್ಲ. ಆದುದರಿಂದ ಅದು ನಷ್ಟವಾದಾಗಲೂ ಯಾರೂ ಖರ್ಚು ಬರೆಯುವುದಿಲ್ಲ. ಇಂತಹ ಉಪಕಾರಕ್ಕೆ ಬೆಲೆ ಕಟ್ಟುವ ಒಂದು ಮಾರ್ಗವೆಂದರೆ, ಅದು ಇಲ್ಲವಾದಾಗ ಜನರ ಆರೋಗ್ಯಕ್ಕೂ ಕ್ಷೇಮಕ್ಕೂ ಉಂಟಾದ ಹಾನಿಯನ್ನು ಅಳೆಯುವುದು. ಇದಕ್ಕೆ ಭಾರತದ ರಣಹದ್ದುಗಳು ತಕ್ಕ ನಿದರ್ಶನವಾಗಿವೆ.

ರಣಹದ್ದಿನ ಕೆಲಸ.— ಊರ ಹೊರಗೆ ಬಿಸುಟ ಸತ್ತ ದನವನ್ನು ರಣಹದ್ದುಗಳ ಗುಂಪು ಅಲ್ಪಕಾಲದಲ್ಲಿ ಮೂಳೆ ಮಾತ್ರ ಉಳಿಯುವಂತೆ ತಿಂದುಬಿಡುವುದು. ಅವುಗಳ ಜಠರದ ತೀಕ್ಷ್ಣವಾದ ಆಮ್ಲದಲ್ಲಿ ಬಹುತರದ ರೋಗಾಣುಗಳು ನಾಶವಾಗುವುವು. ಈ ಕೆಲಸಕ್ಕಾಗಿ ಯಾವ ಗ್ರಾಮವೂ ಕೂಲಿ ಕೊಟ್ಟುದಿಲ್ಲ.

ನಾಶಕ್ಕೆ ಕಾರಣ.— ಡೈಕ್ಲೋಫೆನಾಕ್ ಎಂಬ ನೋವು ಶಮನಮಾಡುವ ಔಷಧವು 1994ರಿಂದೀಚೆಗೆ ದನಗಳ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿತು. ಈ ಔಷಧ ಕೊಟ್ಟ ಸ್ವಲ್ಪ ಕಾಲದಲ್ಲಿಯೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು ಅದು ಸಾಯುವುದೆಂಬುದು 2004ರಲ್ಲಿ ಸಿದ್ಧವಾಯಿತು. ಬಿಳಿಬೆನ್ನಿನ ರಣಹದ್ದುಗಳು 1992ರಿಂದ 2007ರೊಳಗೆ ಸಾವಿರಕ್ಕೆ ಒಂದರಂತೆ ಮಾತ್ರ ಉಳಿದುವು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಪಕ್ಷಿಯಾದುದರಿಂದ ಈ ನಷ್ಟವು ಬೇಗ ತುಂಬತಕ್ಕುದಲ್ಲ. ಹೆಣಗಳು ಹಳ್ಳಕೊಳ್ಳಗಳ ಬಳಿ ಕೊಳೆತು ನೀರು ಕೆಟ್ಟಿತು. ಬೀದಿನಾಯಿಗಳು ಹೆಚ್ಚಿ, ಹುಚ್ಚುನಾಯಿ ಕಡಿತದ ಭಯವೂ ಹೆಚ್ಚಿತು.

ಬೆಲೆ ಕಟ್ಟಿದ ಬಗೆ.— ಏಯಲ್ ಫ್ರಾಂಕ್, ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಈ ವಿಷಯವನ್ನು ಕುರಿತ ಪರಿಶೀಲನೆಯನ್ನು ಪ್ರಕಟಿಸಿದರು. ರಣಹದ್ದುಗಳ ವಾಸಕ್ಕೆ ಅನುಕೂಲವಾದ ಜಿಲ್ಲೆಗಳನ್ನೂ ಅನುಕೂಲವಲ್ಲದ ಜಿಲ್ಲೆಗಳನ್ನೂ, ಔಷಧವು ಬರುವುದಕ್ಕೆ ಮೊದಲು ಮತ್ತು ತರುವಾಯ, ಅವರು ಹೋಲಿಸಿದರು. ಮೊದಲನೆಯ ಬಗೆಯ ಜಿಲ್ಲೆಗಳಲ್ಲಿ ಜನರ ಮರಣವು ನೂರಕ್ಕೆ 4ಕ್ಕಿಂತಲೂ ಹೆಚ್ಚು ಏರಿದ್ದಿತು. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಮಂದಿ ಅಧಿಕವಾಗಿ ಸತ್ತರೆಂದು ಗಣಿಸಲಾಯಿತು. ಮರಣದ ಅಪಾಯವನ್ನು ತಗ್ಗಿಸಿಕೊಳ್ಳಲು ಜನರು ಎಷ್ಟು ಹಣವನ್ನು ಬಿಟ್ಟುಕೊಡಲು ಒಪ್ಪುವರೆಂಬ ಅಳತೆಯಿಂದ ಈ ಹಾನಿಯು ವರ್ಷಕ್ಕೆ ಸುಮಾರು 6,940 ಕೋಟಿ ಡಾಲರುಗಳಾಯಿತು. ಇದು ಮನುಷ್ಯನ ಪ್ರಾಣಕ್ಕೆ ಕಟ್ಟಿದ ಕ್ರಯವೆಂದು ತಿಳಿಯತಕ್ಕುದಲ್ಲ. ಕಾಣದಿದ್ದ ನಷ್ಟವನ್ನು ಕಾಣಿಸುವ ಅಳತೆಗೋಲು ಮಾತ್ರವೇ.

ಮಾಡತಕ್ಕ ಕೆಲಸ.— ದನಗಳಿಗೆ ಡೈಕ್ಲೋಫೆನಾಕ್ ಕೊಡುವುದು 2006ರಿಂದಲೂ, ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್‌ಗಳು 2023ರಿಂದಲೂ ನಿಷಿದ್ಧವಾಗಿವೆ. ಮನುಷ್ಯರಿಗಾಗಿ ಮಾರುವ ಔಷಧವನ್ನು ಕೊಂಡು ತಂದು ದನಕ್ಕೆ ಚುಚ್ಚಿಸುವುದೂ ಅಷ್ಟೇ ದೋಷ. ರಣಹದ್ದುಗಳಿಗೆ ಹಾನಿ ಮಾಡದ ಮೆಲೋಕ್ಸಿಕ್ಯಾಮ್ ಎಂಬ ಔಷಧವಿರುವುದರಿಂದ, ಪಶುವೈದ್ಯರನ್ನು ಕೇಳಿ ಅದನ್ನೇ ಕೊಡಿಸಬಹುದು. ಔಷಧ ಕೊಟ್ಟ ಮೇಲೆ ಸತ್ತ ದನವನ್ನೂ, ರೋಗದಿಂದ ಸತ್ತುದೆಂದು ಸಂದೇಹವಿರುವ ದನವನ್ನೂ ಬಯಲಿನಲ್ಲಿ ಬಿಸುಡದೆ, ನೀರಿನ ನೆಲೆಯಿಂದ ದೂರವಾಗಿ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

ರಾಮನಗರದ ಬಳಿಯ ರಾಮದೇವರಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಸಾರಲ್ಪಟ್ಟಿತು. ಆದರೆ ಹಕ್ಕಿಯು ಬೆಟ್ಟದಲ್ಲಿ ಗೂಡು ಕಟ್ಟಿದರೂ ಆಹಾರವನ್ನು ದೂರದ ಊರುಗಳಲ್ಲಿ ಹುಡುಕುವುದು. ಆದುದರಿಂದ ಅದರ ಉಳಿವು ಬೆಟ್ಟದ ಕಾವಲುಗಾರನಿಗಿಂತಲೂ ಸುತ್ತಲ ಗ್ರಾಮಗಳ ಕೊಟ್ಟಿಗೆಗಳನ್ನೇ ಹೆಚ್ಚಾಗಿ ಅವಲಂಬಿಸಿದೆ. ಗ್ರಾಮದ ಮುಖಂಡರು ಈ ವಿಷಯವನ್ನು ದನ ಸಾಕುವವರೆಲ್ಲರಿಗೂ ತಿಳಿಸಿ ಹೇಳುವುದು ಯುಕ್ತವಾಗಿದೆ.