ಗಾಡಿಯವನಿಗೆ ತಿಳಿದ ಸಂಗತಿ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯವೇಕೆಂದು ಪಾಲಕರು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ. ರಾಣೇಬೆನ್ನೂರ ಕಡೆಯ ಹಳ್ಳಿಯಿಂದ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಕೈಮೇಲೆ ಎದ್ದ ಬಿಳಿಯ ಮಚ್ಚೆಯ ವಿಷಯವಾಗಿ ತಂದೆಯ ಮೊಬೈಲಿನಲ್ಲಿ ಗುಟ್ಟಾಗಿ ಓದಿದಳು. ಎರಡು ದಿವಸಗಳಲ್ಲಿ ಅದೇ ಮೊಬೈಲಿನಲ್ಲಿ ತೊನ್ನಿನ ಔಷಧದ ಜಾಹೀರಾತುಗಳು ಬರಹತ್ತಿದವು. ಮನೆಗೆ ಬಂದ ಬೀಗರ ಕಣ್ಣಿಗೂ ಬಿದ್ದವು. ಅದು ತೊನ್ನಲ್ಲವೆಂದು ವೈದ್ಯರು ಹೇಳಿದರೂ ಹುಡುಗಿಯು ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ದಿನ ನಮ್ಮನ್ನು ಕೇಳಿದಳು: "ನಾ ಯಾರಿಗೂ ಹೇಳಿಲ್ರೀ ಅಕ್ಕೋರೆ, ಅವರಿಗೆ ಹೆಂಗ ಗೊತ್ತಾತು?"

ಇಂಥ ಜಾಹೀರಾತುಗಳು ಬಹುತರವಾಗಿ ನಾವು ನೋಡುವ ಜಾಲತಾಣಗಳೂ ಆಪ್‌ಗಳೂ ಇಟ್ಟುಕೊಂಡ ಲೆಕ್ಕದಿಂದಲೇ ಹುಟ್ಟುತ್ತವೆ. ಆದರೆ ಅವರಿಗಿಂತ ಹೆಚ್ಚು ಕಾಣಬಲ್ಲವನು ಇನ್ನೊಬ್ಬನಿದ್ದಾನೆ. ಅವನೇ ನಮಗೆ ಅಂತರಜಾಲವನ್ನು ಮಾರುವ ಕಂಪನಿ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ವ್ಯಾಪಾರಿಗೆ ತನ್ನ ಅಂಗಡಿಗೆ ಬಂದ ಚೀಲಗಳ ಸಂಗತಿ ಮಾತ್ರ ಗೊತ್ತು. ಚೀಲಗಳನ್ನು ಹೇರಿಕೊಂಡು ಬಂದ ಗಾಡಿಯವನಿಗಾದರೋ ನೀವು ಎಲ್ಲಿಂದ ಹೊರಟಿರಿ, ಯಾವ ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿರಿ ಎಂಬುದೆಲ್ಲವೂ ಗೊತ್ತಿರುತ್ತದೆ.

ಹಿಂದೆ ಪುಟಗಳು ಟಪಾಲಿನ ಕಾರ್ಡಿನಂತೆ ಬಿಚ್ಚಿಯೇ ಬರುತ್ತಿದ್ದವು, ಸಾಗಿಸುವವನು ಓದಬಹುದಾಗಿತ್ತು. ಈಗ ಬಹಳಷ್ಟು ತಾಣಗಳು ಎಚ್‌ಟಿಟಿಪಿಎಸ್ ಎಂಬ ಲಕೋಟೆಯನ್ನು ಉಪಯೋಗಿಸುತ್ತವೆ. ಒಳಗಿನ ಮಾತು ಕಂಪನಿಗೆ ಕಾಣದು. ಆದರೆ ತಾಣದ ಹೆಸರು, ಹೊತ್ತು, ಬಳಕೆಯ ಪ್ರಮಾಣ ಇವು ಸಾಮಾನ್ಯವಾಗಿ ಕಾಣುತ್ತವೆ. ಚರ್ಮರೋಗದ ಆಸ್ಪತ್ರೆಯ ತಾಣವಾದರೆ ಹೆಸರೊಂದೇ ಸಾಲದೆ?

ಇದು ಬರಿಯ ಅಂಜಿಕೆಯಲ್ಲ. ಇಂಗ್ಲೆಂಡಿನ ಬಿ.ಟಿ. ಕಂಪನಿಯು 2006ರಲ್ಲಿ ಫಾರ್ಮ್ ಎಂಬ ಸಂಸ್ಥೆಯ ಯಂತ್ರವನ್ನು ಕೂಡ್ರಿಸಿ, ಸುಮಾರು 18,000 ಗಿರಾಕಿಗಳು ಏನು ನೋಡುತ್ತಾರೆಂಬುದನ್ನು ಜಾಹೀರಾತಿಗಾಗಿ ಪರೀಕ್ಷಿಸಿತು, ಅವರಿಗೆ ತಿಳಿಸಲಿಲ್ಲ. 2008ರಲ್ಲಿ ಸಂಗತಿಯು ಹೊರಬಿದ್ದು ಗದ್ದಲವಾಗಲು, ಮರುವರ್ಷ ಆ ಯೋಜನೆಯನ್ನು ಬಿಟ್ಟುಕೊಟ್ಟಿತು. ನಮ್ಮ ನಾಡಿನಲ್ಲಿಯೇ, 2015ರ ಜೂನ್ ತಿಂಗಳಲ್ಲಿ, ಬೆಂಗಳೂರಿನ ತಂತ್ರಜ್ಞರೊಬ್ಬರು ಏರ್‌ಟೆಲ್ 3ಜಿಯಲ್ಲಿ ತಾವು ನೋಡುತ್ತಿದ್ದ ಪುಟಗಳೊಳಗೆ ಬರೆದವರು ಬರೆಯದ ಸಂಕೇತವೊಂದು ಸೇರಿಕೊಂಡಿರುವದನ್ನು ಕಂಡು ಲೋಕಕ್ಕೆ ತಿಳಿಸಿದರು. ಆ ಸಂಕೇತವನ್ನು ಮಾಡಿದ ಇಸ್ರೇಲಿನ ಸಂಸ್ಥೆಯ ವಕೀಲರಿಂದ ನೋಟೀಸು ಬಂದದ್ದು ಅವರಿಗೇ! ಗಿರಾಕಿಗಳು ತಮ್ಮ ಡೇಟಾ ಬಳಕೆಯನ್ನು ತಿಳಿದುಕೊಳ್ಳಲೆಂದು ಹಾಗೆ ಮಾಡಿದ್ದೆಂದು ಏರ್‌ಟೆಲ್ ಹೇಳಿತು. ಹಾಗೆಯೇ ಇರಲಿ, ದಾರಿಯಲ್ಲಿ ನಿಂತವನು ಕೇಳದೆ ಚೀಲದೊಳಗೆ ಕೈಹಾಕಬಲ್ಲನೆಂಬುದಂತೂ ಸ್ಪಷ್ಟವಾಯಿತು.

ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರ ದಾವೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆಯು ಹದಿನೆಂಟು ವರ್ಷದೊಳಗಿನವರ ಜಾಡು ಹಿಡಿಯುವದನ್ನೂ ಅವರಿಗೆಂದೇ ಗುರಿಯಿಟ್ಟ ಜಾಹೀರಾತು ತೋರಿಸುವದನ್ನೂ, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಲಮುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿಯನ್ನು ಇಟ್ಟಿದ್ದಾರೆ. ನಮ್ಮ ಮಕ್ಕಳೆಲ್ಲರೂ ಆ ವಯಸ್ಸಿನೊಳಗಿನವರೇ. ಆದರೆ ಸಿಮ್ಮು ತಂದೆಯ ಹೆಸರಿನಲ್ಲಿದೆಯಷ್ಟೆ! ಕಂಪನಿಯ ಲೆಕ್ಕದಲ್ಲಿ ಆ ರಾತ್ರಿ ಮಚ್ಚೆಯ ವಿಷಯವನ್ನು ಓದಿದವನು ನಡುವಯಸ್ಸಿನ ಒಬ್ಬ ರೈತನು. ಕಾಯದೆಯ ನೆರಳು ಹುಡುಗಿಯ ಮೇಲೆ ಬೀಳುವದು ಹೇಗೆ?

'ಇನ್‌ಕಾಗ್ನಿಟೋ' ಒತ್ತಿದರೆ ಯಾರಿಗೂ ಕಾಣದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ನಂಬಿದ್ದಾರೆ. ಅದು ಮೊಬೈಲಿನಲ್ಲಿ ಗುರುತು ಉಳಿಯದಂತೆ ಮಾಡುತ್ತದೆಯೇ ಹೊರತು ಕಂಪನಿಯ ಕಣ್ಣನ್ನು ಮುಚ್ಚುವದಿಲ್ಲ. ಆಂಡ್ರಾಯ್ಡ್ ಮೊಬೈಲಿನ 'ಪ್ರೈವೇಟ್ ಡಿಎನ್‌ಎಸ್' ಎಂಬ ಏರ್ಪಾಡನ್ನು ಕಂಪನಿಯದಲ್ಲದ ಬೇರೊಂದು ಸೇವೆಗೆ ಹೊಂದಿಸಿದರೆ ತಾಣದ ವಿಳಾಸ ಕೇಳುವ ಪ್ರಶ್ನೆಯಾದರೂ ಮರೆಯಾಗುತ್ತದೆ, ಪೂರ್ತಿ ರಕ್ಷಣೆಯಲ್ಲ. ಸಿಮ್ಮು ಕೊಳ್ಳುವಾಗ ಜಾಹೀರಾತಿಗೆ ಒಪ್ಪಿಗೆ ಕೇಳಿದರೆ ಒಲ್ಲೆವೆನ್ನಬಹುದು.

ಇಷ್ಟನ್ನೂ ವಿವರಿಸಿದ ಮೇಲೆ ಆ ಹುಡುಗಿಯು, ಕಾಗದದ ಪುಸ್ತಕದಲ್ಲಿ ಓದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ ಎಂದಳು. ನಮ್ಮ ಗ್ರಂಥಾಲಯದಲ್ಲಿ ಅಂಥ ಪುಸ್ತಕವಿರಲಿಲ್ಲ. ಈಗ ಹಾವೇರಿಯ ಅಂಗಡಿಯಿಂದ ಆರೋಗ್ಯದ ಕೆಲವು ಪುಸ್ತಕಗಳನ್ನು ತರಿಸಿ ಬಾಗಿಲ ಬದಿಯ ಕಪಾಟಿನಲ್ಲಿ ಇಟ್ಟಿದ್ದೇವೆ. ಅವನ್ನು ಒಯ್ಯುವವರ ಹೆಸರನ್ನು ರಜಿಸ್ಟರಿನಲ್ಲಿ ಬರೆದುಕೊಳ್ಳುವದಿಲ್ಲ.