ಪುಟ್ಟ ಕೈಗೆ ಪೆನ್ಸಿಲಿನ ಅವಸರ ಬೇಡ

ಶಾಲೆ ಸುರುವಾಗಿ ತಿಂಗಳಾಗಿರುವುದಿಲ್ಲ, ಮದುವೆಮನೆಯ ಪಂಕ್ತಿಯಲ್ಲಾಗಲಿ ಬಸ್‌ಸ್ಟ್ಯಾಂಡಿನಲ್ಲಾಗಲಿ ಎಲ್‌ಕೆಜಿ ಮಕ್ಕಳ ತಾಯಂದಿರು ಸೇರಿದರೆ ಮಾತು ಒಂದೇ. "ನಿಮ್ಮ ಮಗುವಿಗೆ ಎ ಬಿ ಸಿ ಡಿ ಬರೆಯಲಿಕ್ಕೆ ಬರ್ತದಾ?" "ನಮ್ಮವನು ನೂರರವರೆಗೆ ಬರೀತಾನಪ್ಪ!" ಬಾರದ ಮಗುವಿನ ಅಮ್ಮನ ಮುಖ ಸಪ್ಪೆಯಾಗುತ್ತದೆ. ಮನೆಗೆ ಹೋದ ಮೇಲೆ ಅದರ ಫಲ ಉಣ್ಣುವುದು, ಪಾಪ, ನಾಲ್ಕು ವರ್ಷದ ಕೂಸು!

ಈ ಮಕ್ಕಳು ಅಲ್ಲಿ ನಿಜವಾಗಿ ಕಲಿಯುವುದೇನು? ಅಮ್ಮನ ಸೆರಗು ಬಿಟ್ಟು ಕೂರುವುದು, ಸರದಿ ಕಾಯುವುದು, "ಟೀಚರ್, ಒಂದಕ್ಕೆ ಹೋಗ್ಬೇಕು" ಎಂದು ಬಾಯಿಬಿಟ್ಟು ಹೇಳುವುದು, ಹಾಡು, ಕತೆ, ಬಣ್ಣ, ಆಕಾರ. ಅಕ್ಷರ ಆಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಪ್ರಾಯವನ್ನು ಒಂದೇ ಹಂತವೆಂದು ಎಣಿಸಿದೆ. ಅಂದರೆ ಅಂಗನವಾಡಿ ಅಥವಾ ಕೆಜಿಯ ಮೂರು ವರ್ಷ, ಮತ್ತೆ ಒಂದು, ಎರಡನೇ ಕ್ಲಾಸು. ಅಷ್ಟು ಸಮಯ ಇರುವಾಗ ನಾವು ದಸರಾ ರಜೆಯೊಳಗೇ ಎಲ್ಲ ಮುಗಿಸಲು ಹೊರಡುವುದು ಯಾಕೆ?

ಕೈಯ ವಿಷಯವೂ ಉಂಟು. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಹುಟ್ಟುವಾಗ ಅವು ಮೆತ್ತಗಿನ ಮೃದ್ವಸ್ಥಿ ಮಾತ್ರ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕು ವರ್ಷದ ಮಗುವಿಗೆ ಹೆಚ್ಚೆಂದರೆ ಅರ್ಧದಷ್ಟು ಮೂಡಿರುತ್ತವೆ. ಅಂಥ ಕೈಗೆ ಪೆನ್ಸಿಲು ಕೊಟ್ಟು ನಾಲ್ಕು ಪುಟ ಕಾಪಿ ಬರೆಸಿದರೆ ನೋವಾಗದೆ ಇರುತ್ತದೆಯೇ?

ಬದಲಿಗೆ ಅಡುಗೆಮನೆಗೆ ಕರೆಯಿರಿ. ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ, ಹಿಸುಕಲಿ, ಹಾವು ಮಾಡಲಿ. ಬಟಾಣಿ ಸುಲಿಯಲಿ. ಬೆರಳಿಗೆ ಬಲ ಬರುವುದು ಹೀಗೆ. ಕಾಪು ಹತ್ತಿರದ ಶಂಕರಪುರದ ಮಲ್ಲಿಗೆ ಮನೆಗಳಲ್ಲಿ ಲೆಕ್ಕಕ್ಕೇನು ಬರವೇ? ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಗು ಹತ್ತು ಮೊಗ್ಗಿನ ಒಂದು ಗುಂಪು ಮಾಡಿದರೂ ಸಾಕು, ಬಾಯಿಪಾಠದ ನೂರಕ್ಕಿಂತ ಅದು ಮೇಲು. (ಹುಣಸೆಬೀಜ, ಕಡಲೆ ಕೊಟ್ಟರೆ ಮಾತ್ರ ಹತ್ತಿರವೇ ಕೂತಿರಿ, ಮೂಗಿಗೆ ತುರುಕಿಕೊಳ್ಳುವ ಶೂರರಿದ್ದಾರೆ!) ಕಾರ್ಕಳದ ಗೊಮ್ಮಟನನ್ನು ತೋರಿಸಲು ಹೋದಿರಾ? 42 ಅಡಿ ಎಂದರೆ ಮಗುವಿಗೆ ಏನು ತಿಳಿಯಬೇಕು! ಅಪ್ಪನಂಥ ಏಳು ಜನ ಒಬ್ಬರ ತಲೆ ಮೇಲೊಬ್ಬರು ನಿಂತಷ್ಟು ಎತ್ತರ ಎನ್ನಿ, ಕಣ್ಣರಳಿಸುತ್ತದೆ. ಕಾಪು ಬೀಚಿನ ಒದ್ದೆ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಬರೆಯಲಿ. ಯುಕೆಜಿಯಲ್ಲಿ ಬಿ ಹೋಗಿ ಡಿ ಆದರೆ ಗಾಬರಿ ಬೇಡ, ಏಳರ ಪ್ರಾಯದವರೆಗೂ ಅದು ಸಾಮಾನ್ಯ.

ನಮ್ಮ ಉಡುಪಿ ಕಡೆಯ ದೊಡ್ಡ ಪೇಚು ಭಾಷೆಯದ್ದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ನೆರೆಮನೆಯವರ ಮೊಮ್ಮಗಳು ಮನೆಯಲ್ಲಿ ಪಟಪಟನೆ ತುಳು ಮಾತಾಡುವವಳು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲ. "ಮನೆಯಲ್ಲೂ ಇಂಗ್ಲಿಷೇ ಮಾತಾಡಿ" ಎಂಬ ಸಲಹೆ ಬಂತು. ಅಜ್ಜಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಮಗುವಿನ ಜೊತೆ ಅಜ್ಜಿಯ ಬಾಯಿಯೂ ಮುಚ್ಚಿತು, ರಾತ್ರಿಯ ಕತೆಯೂ ನಿಂತಿತು. ಕಡೆಗೆ ಹೊಸದಾಗಿ ಬಂದ ಟೀಚರೊಬ್ಬರು "ದಾದ ಆಂಡ್ ಮಗಾ?" ಎಂದು ತುಳುವಿನಲ್ಲೇ ಕೇಳಿದ್ದೇ ತಡ, ಹುಡುಗಿ ತಾನು ಸಾಕಿದ ಪುಚ್ಚೆಯ ಪುರಾಣವನ್ನೆಲ್ಲ ಬಿಚ್ಚಿಟ್ಟಳಂತೆ!

ಪುಚ್ಚೆ ಗೊತ್ತಿದ್ದ ಮಗುವಿಗೆ ಬೆಕ್ಕು, ಕ್ಯಾಟ್ ಎಂಬುದು ಅದೇ ಪ್ರಾಣಿಗೆ ಇನ್ನೆರಡು ಹೆಸರು, ಅಷ್ಟೇ. ಪ್ರಾಣಿಯೇ ಗೊತ್ತಿಲ್ಲದವರಿಗೆ ಹೆಸರು ಬಾಯಿಪಾಠ ಮಾಡಿಸಿ ಏನು ಬಂತು? ಈ ಪ್ರಾಯದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆಟದ ಮೂಲಕ, ಸಾಧ್ಯವಾದಷ್ಟು ಮನೆಮಾತಿನಲ್ಲೇ ಕಲಿಸಿ ಎನ್ನುತ್ತದೆ. ಮಣಿಪಾಲದ ಫ್ಲ್ಯಾಟುಗಳಲ್ಲಿ ನೋಡಿ, ಹಿಂದಿ, ಮಲಯಾಳಂ ಮಕ್ಕಳೊಟ್ಟಿಗೆ ಆಡಿ ನಮ್ಮ ಮಕ್ಕಳು ಯಾರೂ ಕಲಿಸದೆ ಅವರ ಮಾತು ಕಲಿಯುತ್ತವೆ. ಇಂಗ್ಲಿಷೂ ಬಂದೀತು. ಮನೆಮಾತು ಮಾತ್ರ ನಿಲ್ಲಿಸಬೇಡಿ.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಶಾಲೆಯಲ್ಲಷ್ಟೇ ಮೌನ, ಮನೆಯಲ್ಲಿ ಗಲಾಟೆ ಎಂದಾದರೆ ಕೆಲವು ವಾರ ತಾಳ್ಮೆಯಿಂದ ನೋಡಿ, ಟೀಚರರ ಹತ್ತಿರವೂ ಮಾತಾಡಿ. ತಿಂಗಳುಗಟ್ಟಲೆ ಹಾಗೇ ಉಳಿದರೆ ಡಾಕ್ಟರರನ್ನು ಕೇಳಿ. ಮನೆಯಲ್ಲೂ, ಮನೆಮಾತಿನಲ್ಲೂ ನಾಲ್ಕು ವರ್ಷದ ಮಗು ಮೂರು ನಾಲ್ಕು ಪದ ಸೇರಿಸಿ ಹೇಳುತ್ತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂದಾದರೆ ಕಾಯಲೇಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಣಿಪಾಲದಲ್ಲಿ ಮಾತು ಮತ್ತು ಶ್ರವಣಕ್ಕೆಂದೇ ವಿಭಾಗ ಉಂಟು. ಹೋಗುವಾಗ ಮಗು ಮನೆಯಲ್ಲಿ ಯಾವ ಯಾವ ಪದ ಹೇಳುತ್ತದೆ ಎಂದು ತುಳುವಿನದ್ದಾದರೂ ಸರಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.